ಅಜ್ಜಿ ಮನೆಯ ಹೇನು

ಆಗಸ್ಟ್ ೫, ಸೋಮವಾರ

ಕೋಪ ಬಂದಾಗ ಬಾಯಿಗೆ ಬೀಗ ಹಾಕಿ ಬರೆದುಬಿಡು ಎಂದು ಪಾರ್ಲರಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಉಗುರು ತಿದ್ದುವವಳು ಈ ಡೈರಿ ಕೊಟ್ಟಿದ್ದಳು. ಯಾವುದೋ ಕ್ರೀಮಿನ ಕಂಪನಿಯವರು ಪುಕ್ಕಟೆ ಹಂಚಿದ್ದು. ಪ್ರತಿ ಪುಟದ ಮೂಲೆಯಲ್ಲೂ ಒಬ್ಬಳು ಹಲ್ಲು ಕಿರಿಯುತ್ತಾಳೆ. ಇಷ್ಟು ತಿಂಗಳು ಇದನ್ನು ಮುಟ್ಟಿರಲಿಲ್ಲ. ಇವತ್ತು ಮುಟ್ಟದಿದ್ದರೆ ಯಾರಿಗಾದರೂ ಬಾರಿಸಿಬಿಡುತ್ತೇನೆ.

ಅಣ್ಣ ತನ್ನ ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋದ. ಬಾಗಿಲಲ್ಲಿ ಚಪ್ಪಲಿ ಕೂಡ ಬಿಚ್ಚಲಿಲ್ಲ. ಹಡಗಿನಲ್ಲಿ ಅಡುಗೆ ಮಾಡುವವನಿಗೆ ನೆಲದ ಮೇಲೆ ನಿಲ್ಲಲು ಪುರುಸೊತ್ತಿಲ್ಲವಂತೆ. ಅತ್ತಿಗೆ ಬೇರೆ ಸಂಸಾರ ಕಟ್ಟಿಕೊಂಡು ಹೋಗಿ ವರ್ಷಗಳಾದವು. ಹುಡುಗಿಯನ್ನು ಸಾಕಿಕೊಂಡಿದ್ದ ಅಜ್ಜಿ, ಅಂದರೆ ಅತ್ತಿಗೆಯ ಅಮ್ಮ, ಹೋದ ತಿಂಗಳು ತೀರಿಕೊಂಡರು. ಇನ್ನು ಉಳಿದವಳು ನಾನು. ಮದುವೆಯಾಗದ ತಂಗಿಯ ಮನೆ ಎಂದರೆ ಬಸ್ ನಿಲ್ದಾಣದ ಸಾಮಾನಿನ ಕೋಣೆ ಇದ್ದ ಹಾಗೆ, ಯಾರು ಏನನ್ನು ಬೇಕಾದರೂ ಇಟ್ಟು ಹೋಗಬಹುದು.

"ಒಂದೇ ತಿಂಗಳು ಕಣೇ. ಸೆಪ್ಟೆಂಬರಲ್ಲಿ ಬರ್ತೀನಿ, ಆಮೇಲೆ ಏನಾದ್ರೂ ಮಾಡ್ತೀನಿ" ಎಂದ.

ಏನು ಮಾಡಬೇಕೆಂದು ನಾನೇ ಹೇಳಿಕೊಟ್ಟೆ. ಊರಿನ ಆ ತುದಿಯಲ್ಲಿ ಹುಡುಗಿಯರ ಹಾಸ್ಟೆಲ್ ಒಂದಿದೆ, ಅಲ್ಲೇ ಶಾಲೆ, ಅಲ್ಲೇ ಊಟ. ಅದರ ವಾರ್ಡನ್ ನನ್ನ ಹತ್ತಿರವೇ ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಾರೆ. ಅವರ ಕೈಕಾಲು ಹಿಡಿದು ಒಂದು ಜಾಗ ಕೇಳುತ್ತೇನೆ, ನೀನು ಬಂದು ಸೇರಿಸಿ ಹೋಗು ಎಂದೆ. ನನ್ನ ಮನೆ ಎರಡು ಕೋಣೆಯದು, ನಾನು ಮಕ್ಕಳನ್ನು ಸಾಕುವವಳಲ್ಲ ಎಂದೂ ಸೇರಿಸಿದೆ. ಅಣ್ಣನ ಮುಖ ಹಗುರವಾಯಿತು. ಇಷ್ಟು ಹೊತ್ತೂ ಅವಳು ಅಲ್ಲೇ ಚೀಲ ಹೊತ್ತು ನಿಂತಿದ್ದಳು.

ಒಂಬತ್ತು ವರ್ಷದ ಮೊಂಡಿ. ಚೀಲ ಇಳಿಸು ಎಂದರೆ ಇಳಿಸಲಿಲ್ಲ, ಊಟ ಮಾಡು ಎಂದರೆ ಮಾಡಲಿಲ್ಲ. ಅವಳಪ್ಪ ಮೆಟ್ಟಿಲಿಳಿದು ಹೋಗುವಾಗ ತಲೆ ಕೆರೆದುಕೊಂಡಳು, ಅಷ್ಟೇ.

ಆಗಸ್ಟ್ ೭, ಬುಧವಾರ

ಹೇನು. ಇದೊಂದು ಬಾಕಿ ಇತ್ತು.

ಒಂದು ತಿಂಗಳು ಮನೆಯಲ್ಲಿ ಸುಮ್ಮನೆ ಕೂರಿಸುವುದೇಕೆ ಎಂದು ನಮ್ಮ ಬೀದಿಯ ಶಾಲೆಗೆ ಕಳಿಸಿದ್ದೆ. ಮೊದಲ ದಿನವೇ ಟೀಚರ್ ಫೋನ್ ಮಾಡಿದರು. ನನ್ನ ಕುರ್ಚಿಯಲ್ಲಿ ಒಬ್ಬಾಕೆ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಕೂದಲಿನಲ್ಲಿ ಕೂತಿದ್ದರು. "ನಿಮ್ಮ ಮಗಳ ತಲೇಲಿ ಹೇನಿದೆ, ಬಂದು ಕರ್ಕೊಂಡು ಹೋಗಿ" ಎಂದರು ಟೀಚರ್. ನನ್ನ ಮಗಳಲ್ಲ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಪಾರ್ಲರಿನ ಮೇಡಮ್ಮಿಗೆ ಹೊಟ್ಟೆನೋವು ಎಂದು ಹೇಳಿ ಹೊರಟೆ. ನಿಜ ಹೇಳುವ ಹಾಗಿರಲಿಲ್ಲ. ಹೋದ ವರ್ಷ ಮುಖಕ್ಕೆ ಕ್ರೀಮು ತಿಕ್ಕುತ್ತಿದ್ದವಳ ತಲೆಯಲ್ಲಿ ಒಂದೇ ಒಂದು ಹೇನು ಗಿರಾಕಿಯ ಕಣ್ಣಿಗೆ ಬಿದ್ದಿತ್ತು. ಮಾರನೆಯ ದಿನ ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಿದ್ದಳು. ನನ್ನದಂತೂ ಬರೀ ಕುರ್ಚಿಯ ಮಾತಲ್ಲ. ಸೊಂಟ ಮುಟ್ಟುವ ನನ್ನ ಜಡೆಯನ್ನು ಮೇಡಂ ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾರೆ, ತಾವು ಮಾರುವ ಎಣ್ಣೆಯ ಮಹಿಮೆ ಎಂದು. ಆ ಎಣ್ಣೆಯನ್ನು ನಾನು ಇವತ್ತಿನವರೆಗೆ ಮೂಸಿ ಕೂಡ ನೋಡಿಲ್ಲ.

ಮನೆಗೆ ತಂದು ಬೆಳಕಿನಲ್ಲಿ ಕೂರಿಸಿ ನೋಡಿದೆ. ಇಪ್ಪತ್ತು ವರ್ಷದಿಂದ ಕಂಡವರ ತಲೆಯಲ್ಲೇ ಅನ್ನ ಹುಡುಕಿಕೊಂಡವಳು ನಾನು, ಇಂಥದ್ದನ್ನು ನೋಡಿರಲಿಲ್ಲ. ಕಿವಿಯ ಹಿಂದೆ, ಕತ್ತಿನ ಮೇಲೆ, ಕೂದಲ ಬುಡಬುಡಕ್ಕೂ ಸೀರು ಅಂಟಿಕೊಂಡಿದೆ, ಎಳ್ಳು ಉದುರಿಸಿದ ಹಾಗೆ. ನಡುವೆ ಅವುಗಳ ಅಪ್ಪ ಅಮ್ಮ ಗಾಳಿ ಸೇವನೆಗೆ ಹೊರಟಿದ್ದಾರೆ. ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೆ, ಮತ್ತೊಮ್ಮೆ ತೊಳೆದುಕೊಂಡೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡಲಿ.

ಆಗಸ್ಟ್ ೯, ಶುಕ್ರವಾರ

ವಾರ್ಡನ್ ಬಂದಿದ್ದರು. ಬಣ್ಣದ ಬ್ರಷ್ಷಿನ ಕೆಳಗೆ ಕಣ್ಣು ಮುಚ್ಚಿ ಕೂತಾಗ ಕೇಳಿದೆ. ಒಂದೇ ಜಾಗ ಇದೆಯಂತೆ, ಈ ವರ್ಷಕ್ಕೆ ಅದೇ ಕೊನೆ. ಸೆಪ್ಟೆಂಬರ್ ಒಂಬತ್ತರಂದು ಕರೆತರಬೇಕು.

"ಒಂದು ವಿಷಯ. ತಲೆ ಮಾತ್ರ ನಾನೇ ನೋಡ್ತೀನಿ" ಎಂದರು. ಒಂದೇ ಹಾಲ್‌ನಲ್ಲಿ ಎಪ್ಪತ್ತು ಹುಡುಗಿಯರು ಮಲಗುತ್ತಾರೆ. ಒಂದು ಹೇನು ಒಳಗೆ ಬಂದರೆ ಎಪ್ಪತ್ತು ತಲೆಯೂ ಹೋಯಿತು. ಹೇನು ಸಿಕ್ಕಿದರೆ ಮುಲಾಜಿಲ್ಲ, ಜಾಗ ಇನ್ನೊಬ್ಬಳಿಗೆ.

ನಾನು ಬಣ್ಣ ಹಚ್ಚುತ್ತಲೇ ಇದ್ದೆ. ಒಂದು ತಿಂಗಳು ಸಮಯವಿದೆ. ನನ್ನ ಕೈಗೆ ಬಗ್ಗದ ತಲೆ ಇನ್ನೂ ಹುಟ್ಟಿಲ್ಲ.

ಆಗಸ್ಟ್ ೧೧, ಭಾನುವಾರ

ಮಹಡಿಯ ಮೇಲೆ ಬಿಸಿಲಿನಲ್ಲಿ ಸ್ಟೂಲು ಹಾಕಿ ಅವಳನ್ನು ಕೂರಿಸಿದೆ. ಹೆಗಲಿಗೆ ಬಿಳಿಬಟ್ಟೆ ಹೊದಿಸಿದೆ. ನಾನು ಹಿಂದೆ ಎತ್ತರದ ಕುರ್ಚಿಯಲ್ಲಿ, ಕೈಯಲ್ಲಿ ಹೇನಿನ ಬಾಚಣಿಗೆ. ಅಂಗಡಿಯ ಔಷಧಿ ಹಾಕಿದರೆ ಮುಗಿಯುತ್ತಿತ್ತು, ಆದರೆ ಈ ಮಹಾರಾಯಿತಿ ಕೆರೆದು ಕೆರೆದು ತಲೆಯೆಲ್ಲ ಗಾಯ ಮಾಡಿಕೊಂಡಿದ್ದಾಳೆ, ಹಾಕಿದರೆ ಉರಿಗೆ ಬೀದಿ ಒಂದು ಮಾಡುತ್ತಾಳೆ. ಬಾಚಿಯೇ ತೆಗೆಯಬೇಕು, ಎಳೆ ಎಳೆಯಾಗಿ.

ಅಣ್ಣನಿಗೆ ಹೇಳಿದ್ದಕ್ಕೆ, ತಲೆ ಬೋಳಿಸಿಬಿಡು ಎಂದು ಫೋನಿನಲ್ಲಿ ಅಪ್ಪಣೆ ಕೊಡಿಸಿದ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಅಜ್ಜಿ ಸತ್ತು ತಿಂಗಳಾಗದ ಹುಡುಗಿಯನ್ನು ಬೋಳುತಲೆ ಮಾಡಿ ಹೊಸ ಜಾಗಕ್ಕೆ ಕಳಿಸಿದರೆ ಅಲ್ಲಿಯ ಎಪ್ಪತ್ತು ಹುಡುಗಿಯರು ಅವಳನ್ನು ಹುರಿದು ಮುಕ್ಕುತ್ತಾರೆ. ಅಷ್ಟೂ ತಿಳಿಯದ ಅಪ್ಪ. ಕತ್ತರಿ ಹಿಡಿಯುವವಳು ನಾನು, ನನಗೆ ಬೋಳಿಸುವುದನ್ನು ಹೇಳಿಕೊಡುತ್ತಾನೆ.

ಮೊದಲ ಸಲ ಬಾಚಿದಾಗಲೇ ನಾಲ್ಕೈದು ಬಟ್ಟೆಯ ಮೇಲೆ ಬಿದ್ದವು. ಬಿದ್ದ ಮೇಲೂ ಗಾಬರಿಯಿಲ್ಲ, ದಾರಿ ಕೇಳಿಕೊಂಡು ಹೊರಟವರ ಹಾಗೆ ನಡೆಯುತ್ತವೆ. ಹೆಬ್ಬೆರಳ ಉಗುರುಗಳ ನಡುವೆ ಹಿಡಿದು ಒತ್ತಿದೆ. ಚಟ್. ಅವಳ ಹೆಗಲು ಅದುರಿತು. ಇನ್ನೊಂದು, ಚಟ್. ಮತ್ತೆ ಅದುರಿತು.

"ನೋವಾಗತ್ತಾ?" ಎಂದು ಕೇಳಿದಳು. ನನ್ನ ಮನೆಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು.

"ಯಾರಿಗೆ?"

"ಅದಕ್ಕೆ."

ಬಾಚಣಿಗೆಯಿಂದ ತಲೆಯ ಮೇಲೆ ಒಂದು ಕುಟ್ಟಿದೆ. ರಕ್ತ ಹೀರುವ ಹುಳಕ್ಕೆ ನೋವಂತೆ. ಬೆಳಗಿನಿಂದ ಬಗ್ಗಿ ಕೂತು ಸೊಂಟ ಬಿದ್ದುಹೋದವಳು ನಾನು ಇಲ್ಲಿದ್ದೇನೆ, ನನ್ನನ್ನು ಕೇಳುವವರಿಲ್ಲ.

ಆಗಸ್ಟ್ ೧೪, ಬುಧವಾರ

ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಇರುವೆ. ಕಿಟಕಿಯಿಂದ ಡಬ್ಬದವರೆಗೆ ಸಾಲು ಹಿಡಿದು ಬರುತ್ತಿದ್ದವು. ಕುದಿಯುವ ನೀರು ಸುರಿದೆ. ಇಂಥದ್ದನ್ನು ಜನ್ಮವಿಡೀ ಮಾಡಿಕೊಂಡು ಬಂದಿದ್ದೇನೆ. ಇವಳು ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಹಾಲು ಕುಡಿಯಲಿಲ್ಲ. ಲೋಟದ ಹಾಲು ಕೆನೆಗಟ್ಟಿ ತಣ್ಣಗಾಯಿತು. ಕೊನೆಗೆ ನಾನೇ ಕುಡಿದೆ, ಸಿಟ್ಟಿನಲ್ಲಿ.

ಸಂಜೆ ಬಚ್ಚಲಿನಲ್ಲಿ ಒಂದು ಜಿರಳೆ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಚಪ್ಪಲಿ ತರಲು ಹೋಗಿ ಬರುವಷ್ಟರಲ್ಲಿ ಈ ಪುಣ್ಯಾತ್ಗಿತ್ತಿ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ಅದನ್ನು ಮಗುಚಿ ಬಿಟ್ಟಿದ್ದಳು. ಅದು ಮೋರಿಗೆ ನುಗ್ಗಿತು. ನನ್ನ ಬ್ರಷ್ಷು. ಬೈದೆ ಬೈದೆ, ಗಂಟಲು ಒಣಗುವವರೆಗೆ ಬೈದೆ. ನಿನಗೆ ಹುಳ ಹುಪ್ಪಟೆಯ ಮೇಲಿರುವ ಕರುಣೆ ನನ್ನ ಮೇಲಿಲ್ಲವಲ್ಲ ಎಂದೆ. "ನೀವು ಅಂಗಾತ ಬಿದ್ದಿಲ್ವಲ್ಲ" ಎಂದಳು.

ಆಗಸ್ಟ್ ೧೮, ಭಾನುವಾರ

ಮತ್ತೆ ಮಹಡಿ, ಸ್ಟೂಲು, ಬಿಳಿಬಟ್ಟೆ. ಈಗ ದಿನಾ ಸಂಜೆ ಅರ್ಧ ತಾಸು, ಭಾನುವಾರ ಊಟದವರೆಗೆ. ದೊಡ್ಡವು ಹೆಚ್ಚಿಲ್ಲ. ಸೀರುಗಳೇ ಹಠಮಾರಿ, ಒಂದೊಂದನ್ನೂ ಉಗುರಿನಲ್ಲಿ ಎಳೆದು ತೆಗೆಯಬೇಕು. ಗಾಯಗಳು ಒಣಗುತ್ತಿವೆ. ಕೂದಲು ಒಳ್ಳೆಯದೇ, ನಮ್ಮ ಕಡೆಯದು, ಅತ್ತಿಗೆಯದು ಹಂಚಿಕಡ್ಡಿ.

ಬೆನ್ನು ತಿರುಗಿಸಿ ಕೂತರೆ ಇವಳಿಗೆ ಬಾಯಿ ಬರುತ್ತದೆ, ಮುಖ ನೋಡಿದರೆ ಇಲ್ಲ. ಅಜ್ಜಿಯೂ ಹೀಗೇ ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ, ದಿನಾ ಮಧ್ಯಾಹ್ನ. ಅಜ್ಜಿಯ ತಲೆಯನ್ನು ಇವಳು ನೋಡುವುದು, ಇವಳ ತಲೆಯನ್ನು ಅಜ್ಜಿ ನೋಡುವುದು. ಅಜ್ಜಿಯ ಬಿಳಿ ಕೂದಲಿನಲ್ಲಿ ಹೇನು ಬೇಗ ಕಾಣುತ್ತಿತ್ತಂತೆ. ಹಾಗಾದರೆ ಇಷ್ಟೊಂದು ಉಳಿದದ್ದು ಹೇಗೆ, ನಿನ್ನಜ್ಜಿ ಕೊಲ್ಲುತ್ತಿರಲಿಲ್ಲವಾ ಎಂದು ಕೇಳಿದೆ.

"ಕೊಲ್ತಿದ್ಲು. ಒಂದು ಬಿಡ್ತಿದ್ಲು."

"ಯಾಕೆ?"

"ನಾಳೆಗೆ."

ಛೀ. ಎಂಥ ಮುದುಕಿ. ನಾಳೆಗೆ ಅನ್ನ ಎತ್ತಿಡುವವರನ್ನು ನೋಡಿದ್ದೇನೆ, ಹೇನು ಎತ್ತಿಡುವವರನ್ನು ನೋಡಿರಲಿಲ್ಲ. ಒಂದರಿಂದ ನೂರಾಗುತ್ತದೆ ಎನ್ನುವುದು ಅಷ್ಟು ವಯಸ್ಸಾದವರಿಗೆ ತಿಳಿಯದೆ ಇರುತ್ತದೆಯೇ? ತಿಳಿದೂ ಬಿಡುತ್ತಿದ್ದರು ಎಂದರೆ ಏನು ಹೇಳುವುದು. ಬಾಚುತ್ತ ಬಾಚುತ್ತ ಇದನ್ನೇ ಯೋಚಿಸಿ, ಕತ್ತಲಾಗಿ ಹೇನು ಕಾಣದಂತಾದ ಮೇಲೂ ಬಾಚುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತು ಯಾವಾಗಲೋ ಮೀರಿತ್ತು.

ಆಗಸ್ಟ್ ೨೨, ಗುರುವಾರ

ಇವತ್ತು ಗಿರಾಕಿಗಳಿಲ್ಲ. ನೊಣ ಹೊಡೆಯುತ್ತ ಕೂತಿದ್ದೆವು. ನಿಜವಾಗಿಯೂ ಒಂದು ನೊಣ ಮೇಡಮ್ಮಿನ ದುಬಾರಿ ಕ್ರೀಮಿನೊಳಗೆ ಬಿದ್ದು ಒದ್ದಾಡುತ್ತಿತ್ತು. ಕಡ್ಡಿಯಲ್ಲಿ ಎತ್ತಿ ಕಿಟಕಿಯ ಹೊರಗೆ ಬಿಟ್ಟೆ. ಉಗುರಿನವಳು ನಕ್ಕಳು. ಹೊಡೆದರೆ ಕ್ರೀಮು ಗೋಡೆಗೆಲ್ಲ ಸಿಡಿಯುತ್ತದೆ, ಒರೆಸುವವರು ಯಾರು ಎಂದು ಅವಳ ಬಾಯಿ ಮುಚ್ಚಿಸಿದೆ.

ಆಗಸ್ಟ್ ೨೫, ಭಾನುವಾರ

ಪೆನ್ನು ಒತ್ತಿ ಒತ್ತಿ ಕಾಗದ ಹರಿದಿದೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹುಡುಗಿಯ ತಲೆ ಹೆಚ್ಚುಕಡಿಮೆ ಶುದ್ಧವಾಗಿದೆ. ಬೆಳಿಗ್ಗೆ ಎಷ್ಟು ಬಾಚಿದರೂ ಬಟ್ಟೆ ಬೆಳ್ಳಗೇ ಇತ್ತು. ಖುಷಿಯಾಗಿ ಅವಳ ಶಾಲೆಯ ಚೀಲವನ್ನೂ ಒಗೆದುಬಿಡೋಣ ಎಂದು ಕೊಡವಿದೆ. ಒಂದು ಪುಟ್ಟ ತಗಡಿನ ಡಬ್ಬಿ ಬಿತ್ತು. ಕ್ರೀಮಿನ ಮಾದರಿ ಡಬ್ಬಿ, ನಾನೇ ಪಾರ್ಲರಿನಿಂದ ತಂದು ಕೊಟ್ಟದ್ದು. ಮುಚ್ಚಳಕ್ಕೆ ಪಿನ್ನಿನಿಂದ ತೂತು ಮಾಡಿದ್ದಾಳೆ. ಒಳಗೆ ಒಂದು ಸಣ್ಣ ಎಳೆ ಕೂದಲು, ಅದನ್ನು ಹಿಡಿದುಕೊಂಡು ಎರಡು ಹೇನು. ಜೀವಂತ. ಬಾಚಿದ ಬಟ್ಟೆಯಿಂದ ನನ್ನ ಕಣ್ಣು ತಪ್ಪಿಸಿ ಎತ್ತಿಟ್ಟುಕೊಂಡಿದ್ದಾಳೆ.

ಎರಡು ವಾರ ನಾನು ಸೊಂಟ ಮುರಿದುಕೊಂಡು ಹೆಕ್ಕುತ್ತಿದ್ದರೆ ಇವಳು ಸಾಕುತ್ತಿದ್ದಾಳೆ. ಇದನ್ನು ಏನಂತ ಕರೆಯಬೇಕು ಎಂದು ಕಿರುಚಿದೆ. ಅವಳು ಡಬ್ಬಿಯನ್ನೇ ನೋಡುತ್ತಿದ್ದಳು.

"ಅವು ಅಜ್ಜಿವು" ಎಂದಳು.

ಆಹಾ, ಆಸ್ತಿ. ಬೇರೆಯವರ ಅಜ್ಜಿಯಂದಿರು ಒಡವೆ ಬಿಟ್ಟು ಹೋಗುತ್ತಾರೆ. ಉಗುರಿನಲ್ಲಿ ಒತ್ತಲು ಹೋದೆ. ಅವಳು ಅಳಲಿಲ್ಲ, ಬೇಡ ಎನ್ನಲಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆ ಮುಚ್ಚಿದ ಕಣ್ಣು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಡಬ್ಬಿಯ ಮುಚ್ಚಳ ಹಾಕಿ ಮೇಜಿನ ಮೇಲೆ ಕುಕ್ಕಿದೆ. "ತಲೆ ಬಿಟ್ಟ ಹೇನು ಎರಡು ದಿನಾನೂ ಬದುಕಲ್ಲ. ನಾನ್ಯಾಕೆ ಕೊಲ್ಲಲಿ? ತಾವಾಗೇ ಸಾಯ್ತಾವೆ, ನೋಡ್ತಾ ಇರು" ಎಂದೆ. ಕೆಟ್ಟ ಮಾತು, ಗೊತ್ತು. ಹೇಳಬೇಕೆಂದೇ ಹೇಳಿದೆ.

ಊಟವಾದ ಮೇಲೆ ತಲೆ ಸಿಡಿಯುತ್ತಿತ್ತು, ಮಲಗಿದೆ. ಸ್ವಲ್ಪ ಹೊತ್ತಿಗೆ ಅವಳು ಬಂದು ಪಕ್ಕದಲ್ಲಿ ಮಲಗಿದಳು. ಇಷ್ಟು ದಿನ ಚಾಪೆ ಎಳೆದುಕೊಂಡು ಗೋಡೆಯ ಹತ್ತಿರ ಹೋಗುತ್ತಿದ್ದವಳು. ನನ್ನ ಜಡೆ ಬಿಚ್ಚಿದ್ದೆ. ಮೆಲ್ಲಗೆ ಕೂದಲಿನಲ್ಲಿ ಕೈಯಾಡಿಸಿದಳು, ಬುಡದವರೆಗೆ, ತುಂಬ ಹೊತ್ತು. ಇಪ್ಪತ್ತು ವರ್ಷ ಊರಿನವರ ತಲೆಯೆಲ್ಲ ನೇವರಿಸಿದ್ದೇನೆ, ನನ್ನ ತಲೆಯ ಮೇಲೆ ಯಾರಾದರೂ ಕೈಯಿಟ್ಟು ಎಷ್ಟು ಕಾಲವಾಯಿತೋ. ಎಚ್ಚರವಿದ್ದೂ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ. ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಿದ್ದಾಳೆ ಅಂದುಕೊಂಡೆ.

ಆಗಸ್ಟ್ ೨೬, ಸೋಮವಾರ

ಡಬ್ಬಿ ಮೇಜಿನ ಮೇಲೇ ಇದೆ, ಖಾಲಿ. ಎಸೆದಿರಬೇಕು. ಪಾಠ ಕಲಿತಳು.

ಸೆಪ್ಟೆಂಬರ್ ೩, ಮಂಗಳವಾರ

ಮೇಡಂ ಇವತ್ತು ಒಬ್ಬ ಗಿರಾಕಿಯ ಮುಂದೆ ನನ್ನ ಜಡೆ ಬಿಚ್ಚಿಸಿದರು. ಗಿರಾಕಿ ಕಣ್ಣರಳಿಸಿದಳು, ಎಣ್ಣೆ ತೆಗೆದುಕೊಂಡಳು. ಆಗಲೇ ಕಿವಿಯ ಹಿಂದೆ ತುರಿಸಿತು. ತಡೆದುಕೊಂಡೆ. ಕಣ್ಣಲ್ಲಿ ನೀರು ಬರುವಷ್ಟು ತಡೆದುಕೊಂಡೆ. ಪಕ್ಕದ ಬೀದಿಯ ಪಾರ್ಲರಿನಲ್ಲಿ ಹೇನಿನ ಗಲಾಟೆಯಾಗಿದೆಯಂತೆ ಎಂದು ಮೇಡಂ ಯಾವುದೋ ಮಾತಿಗೆ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿ ತಲೆಗೆ ಹೋಯಿತು. ಬೆವರು ಇರಬೇಕು.

ಸೆಪ್ಟೆಂಬರ್ ೬, ಶುಕ್ರವಾರ

ಬೆವರಲ್ಲ.

ಬೆಳಿಗ್ಗೆ ನನ್ನದೇ ಬಾಚಣಿಗೆಯ ಹಲ್ಲಿನ ನಡುವೆ ಒಂದು ಹೇನು ಕೂತು ನನ್ನನ್ನು ನೋಡುತ್ತಿತ್ತು. ಕಿವಿಯ ಹಿಂದೆ ಬೆರಳಾಡಿಸಿದರೆ ಸೀರು. ನನ್ನ ತಲೆ, ಈ ತಲೆ, ಅದರಲ್ಲಿ!

ಹುಡುಗಿಯನ್ನು ಎಳೆದು ತಂದು ಕಿಟಕಿಯ ಮುಂದೆ ನಿಲ್ಲಿಸಿದೆ. ಅವಳ ತಲೆಯಲ್ಲಿ ಒಂದೂ ಇಲ್ಲ. ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಖಾಲಿ ಡಬ್ಬಿ, ಮಧ್ಯಾಹ್ನದ ನಿದ್ದೆ, ಬುಡದವರೆಗೆ ಆಡಿದ ಕೈ.

"ಯಾಕೆ ಬಿಟ್ಟೆ? ಹೇಳು. ಹಾಸ್ಟೆಲಿಗೆ ಕಳಿಸ್ತೀನಿ ಅಂತ ಸೇಡು ತೀರಿಸ್ಕೊಂಡ್ಯಾ?"

ಇಲ್ಲವೆಂದು ತಲೆಯಾಡಿಸಿದಳು. "ಎರಡು ದಿನದಲ್ಲಿ ಸಾಯ್ತಾವೆ ಅಂದ್ರಲ್ಲ. ನನ್ನ ತಲೇಲಿ ಬಿಟ್ರೆ ಹಾಸ್ಟೆಲಲ್ಲಿ ಹುಡುಕಿ ಕೊಂದುಬಿಡ್ತಾರೆ." ಆಮೇಲೆ ನನ್ನ ಜಡೆ ನೋಡುತ್ತ, "ನಿಮ್ಮ ಕೂದಲು ತುಂಬ ಇದೆ. ನಾನು ಹೋದ್ಮೇಲೆ ಇಲ್ಲಿರಲಿ ಅಂತ" ಎಂದಳು.

ಕೈ ಎತ್ತಿದೆ. ಹೊಡೆಯಲಿಲ್ಲ. ಬಾಚಣಿಗೆಯನ್ನು ಗೋಡೆಗೆ ಎಸೆದೆ, ಎರಡು ಹಲ್ಲು ಮುರಿಯಿತು. ಆ ಮಧ್ಯಾಹ್ನ ನಾನು ಬೆಪ್ಪುತಕ್ಕಡಿಯ ಹಾಗೆ ಕಣ್ಣುಮುಚ್ಚಿ ಮಲಗಿದ್ದೆನಲ್ಲ, ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ನೇವರಿಸಿದ್ದಲ್ಲ ಅದು, ಹುಳ ಬಿಟ್ಟದ್ದು. ಇರಲು ಮನೆ ಕೊಟ್ಟವಳ ತಲೆಗೇ. ಸೋಮವಾರ ಬೇಗ ಬರಲಿ, ಇವಳನ್ನು ಕಳಿಸಿ ಕೈ ತೊಳೆದುಕೊಳ್ಳುತ್ತೇನೆ.

ತಾನು ಹೋಗುತ್ತೇನೆ ಎಂದು ತಿಳಿದೇ ಮಾಡಿದ್ದಾಳೆ. ಇರಿಸಿಕೊಳ್ಳಿ ಎಂದು ಒಮ್ಮೆಯೂ ಕೇಳಿಲ್ಲ. ಕೇಳಿದ್ದು ಹೇನಿಗೆ ಜಾಗ, ತನಗಲ್ಲ. ಅದಕ್ಕೂ ಸಿಟ್ಟು ಬರುತ್ತಿದೆ, ಯಾಕೋ.

ಜಡೆಯನ್ನು ಬಿಗಿಯಾಗಿ ತುರುಬು ಕಟ್ಟಿ, ಮೇಲೊಂದು ಬಟ್ಟೆ ಸುತ್ತಿ ಕೆಲಸಕ್ಕೆ ಹೋದೆ. ನೆಗಡಿ ಎಂದೆ.

ಸೆಪ್ಟೆಂಬರ್ ೮, ಭಾನುವಾರ

ಅಣ್ಣ ಬಂದ. ಹೊಸ ಪೆಟ್ಟಿಗೆ ತಂದಿದ್ದಾನೆ, ಬೀಗದ ಸಮೇತ. ಮಗಳಿಗೆ ಬೀಗದ ಕೈ ಕೊಟ್ಟು, ಕಳೀಬೇಡ ಎಂದ. ಮೂರು ವರ್ಷದ ಹಿಂದಿನ ಅಳತೆಯ ಬಟ್ಟೆ ತಂದಿದ್ದ. ಅವಳು ಮಡಿಸಿ ಇಟ್ಟುಕೊಂಡಳು. ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ. ಮಗಳ ಅಳತೆ ಗೊತ್ತಿಲ್ಲದವನಿಗೆ ಹಡಗಿನವರ ಹೊಟ್ಟೆಯ ಅಳತೆ ಹೇಗೆ ಗೊತ್ತಾಗುತ್ತದೆ ಎಂದೆ. "ನೀನೇ ತಾನೇ ಹಾಸ್ಟೆಲ್ ಅಂದವಳು" ಎಂದ. ಹೌದು, ನಾನೇ. ಅಂದ ಮಾತನ್ನು ಮರುದಿನ ನುಂಗುವ ಜಾತಿಯಲ್ಲ ನಾನು.

ಬೆಳಿಗ್ಗೆ ಅಡುಗೆ ಕಟ್ಟೆ ಒರೆಸಲು ತಡವಾಯಿತು. ಬ್ರೆಡ್ಡಿನ ಪುಡಿಗೆ ಇರುವೆ ಬಂದಿತ್ತು, ಒರೆಸುವ ಬಟ್ಟೆ ಬೇರೆ ಒದ್ದೆ. ಅವು ಎತ್ತಿಕೊಂಡು ಹೋಗಲಿ ಎಂದು ಚಹಾ ಮುಗಿಯುವವರೆಗೆ ನಿಂತಿದ್ದೆ. ಎಲ್ಲ ಕೆಲಸವೂ ಹಿಂದೆ ಬಿತ್ತು.

ಸಂಜೆ ಕೊನೆಯ ಸಲ ಅವಳ ತಲೆ ಬಾಚಿದೆ. ಒಂದೂ ಸಿಗಲಿಲ್ಲ. ಕಿವಿಯ ಹಿಂದೆ ನೋಡಿದೆ, ಕತ್ತಿನ ಮೇಲೆ ನೋಡಿದೆ, ನೆತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದೆ. ಒಂದು ಸೀರಾದರೂ ಬೇಡವೇ? ನನ್ನ ಕೈಕೆಲಸದ ಮೇಲೆ ನನಗೇ ರೇಗಿತು. ಸಾಕು ಬಿಡಿ ಎಂದು ಅವಳೇ ಎದ್ದಳು.

ಸೆಪ್ಟೆಂಬರ್ ೯, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅಣ್ಣ ನನ್ನ ಮೇಲೆ ಊರೆಲ್ಲ ದೂರು ಹೇಳಿಕೊಂಡು ಬರುವ ಮುಂಚೆ.

ಹಾಸ್ಟೆಲಿನ ಕೋಣೆಯಲ್ಲಿ ವಾರ್ಡನ್ ಹುಡುಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಹೇರ್‌ಪಿನ್ನಿನಿಂದ ಕೂದಲು ಬಿಡಿಸಿ ಬಿಡಿಸಿ ನೋಡಿದರು. ಹಿಂದಿನ ಹಾಲ್‌ನಲ್ಲಿ ಸಾಲು ಮಂಚ, ಒಂದೇ ಬಣ್ಣದ ಹೊದಿಕೆ. ಒಂದು ಮಂಚದ ಮೇಲೆ ಮಾತ್ರ ಹೊದಿಕೆ ಇರಲಿಲ್ಲ. ಅದನ್ನು ಇವಳು ನೋಡಿದಳು, ನಾನೂ ನೋಡಿದೆ. "ಇಷ್ಟು ಶುದ್ಧವಾದ ತಲೆ ನಾನು ನೋಡೇ ಇಲ್ಲ" ಎಂದರು ವಾರ್ಡನ್. ಅಣ್ಣ ಪೆಟ್ಟಿಗೆ ಒಳಗೆ ಇಟ್ಟ.

ಆಮೇಲೆ ವಾರ್ಡನ್, ಊಟ ಆಯಿತಾ ಎಂದು ಕೇಳುವ ಹಾಗೆ ಕೇಳಿದರು. "ಮನೇಲಿ ಬೇರೆ ಯಾರ ತಲೇಲೂ ಇಲ್ಲ ತಾನೇ? ಇದ್ರೆ ಬಟ್ಟೆಯಲ್ಲಿ ಬಂದುಬಿಡತ್ತೆ, ಅದಕ್ಕೆ ಕೇಳೋದು."

ಇಲ್ಲ ಎನ್ನಬೇಕಿತ್ತು, ಅಷ್ಟೇ. ಎಲ್ಲರೂ ಅನ್ನುವುದು ಅದನ್ನೇ. ಮೊಂಡಿ ನೆಲ ನೋಡುತ್ತ ನಿಂತಿದ್ದಳು. ಅವಳಿಗೆ ಗೊತ್ತು. ಬಾಯಿ ಬಿಟ್ಟಿದ್ದರೆ ಇವಳ ಹಾಸ್ಟೆಲ್ ತಪ್ಪುತ್ತಿತ್ತು, ಆದರೆ ನನ್ನ ಕೆಲಸ ಹೋಗುತ್ತಿತ್ತು. ಹೊಟ್ಟೆನೋವು, ನೆಗಡಿ ಎಂದು ಪಾರ್ಲರಿನಲ್ಲಿ ಹೇಳಿದ ಸುಳ್ಳನ್ನೆಲ್ಲ ಬೈಯುವ ಭರದಲ್ಲಿ ಅವಳ ಮುಂದೆ ಒದರಿದ್ದೇನೆ. ತುಟಿ ಕಚ್ಚಿ ಹಿಡಿದಿದ್ದಳು, ನನ್ನ ಗುಟ್ಟು ಹೊರಗೆ ಬೀಳದ ಹಾಗೆ. ಒಂಬತ್ತು ವರ್ಷದವಳು ನನ್ನನ್ನು ಕಾಯುತ್ತಾಳಂತೆ! ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಇದೆ" ಎಂದೆ.

"ಯಾರಿಗೆ?"

"ನನಗೆ." ತುರುಬಿನ ಪಿನ್ನು ಎಳೆದೆ. ಜಡೆ ಸೊಂಟದವರೆಗೆ ಇಳಿಯಿತು. "ನೋಡಿ ಬೇಕಾದ್ರೆ. ತುಂಬ ಇದೆ."

ವಾರ್ಡನ್ ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ತಲೆ ಮುಟ್ಟಿಕೊಂಡರು. ಆ ತಲೆಗೆ ಬಣ್ಣ ಹಾಕಿದ್ದು ಯಾರು ಎಂದು ಅವರಿಗೆ ನೆನಪಾಗಿರಬೇಕು. ಅಣ್ಣ ನನ್ನ ತೋಳು ಹಿಡಿದೆಳೆದ. ನಿನಗೆ ತಲೆ ಕೆಟ್ಟಿದೆಯಾ ಎಂದ. ಕೆಟ್ಟಿಲ್ಲ, ತುಂಬಿದೆ ಎಂದೆ.

ಜಾಗ ಇನ್ನೊಬ್ಬಳಿಗೆ ಹೋಯಿತು. ಮುಂದಿನ ವರ್ಷ ನೋಡೋಣ ಎಂದು ವಾರ್ಡನ್ ದೂರದಿಂದಲೇ ಹೇಳಿದರು. ಬಸ್ಸಿನಲ್ಲಿ ಅಣ್ಣ ಮುಖ ಊದಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತ. ಗುರುವಾರ ಹಡಗು ಹತ್ತಬೇಕು, ಈಗ ನಾನೇನು ಮಾಡಲಿ ಎಂದು ಕಿಟಕಿಗೆ ಹೇಳಿಕೊಂಡ. ಹತ್ತು ಎಂದೆ. ಹುಡುಗಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಇಲ್ಲ ಅನ್ಬಹುದಿತ್ತು" ಎಂದಳು, ನನ್ನ ಕಡೆ ನೋಡದೆ.

"ಹೇನಿರೋ ತಲೇನ ಇಲ್ಲ ಅಂತ ಹೇಳೋ ಕಸುಬು ನನ್ನದಲ್ಲ" ಎಂದೆ. ಅದೇ ನಿಜ. ನಾನು ಸುಳ್ಳು ಹೇಳುವವಳಲ್ಲ. ಇದರಲ್ಲಿ ಬೇರೇನೂ ಇಲ್ಲ.

ಸೆಪ್ಟೆಂಬರ್ ೧೦, ಮಂಗಳವಾರ

ಮೇಡಂ ಫೋನ್ ಮಾಡಿದರು. ವಾರ್ಡನ್ ನಿನ್ನೆಯೇ ಹೇಳಿದ್ದಾರೆ. ನಾನಾಗಿ ಕರೆಯುವವರೆಗೆ ಬರಬೇಡ ಎಂದರು. ಯಾವಾಗ ಕರೆಯುತ್ತೀರಿ ಎಂದರೆ, ಗಿರಾಕಿ ಕಾಯುತ್ತಿದ್ದಾರೆ ಎಂದರು. ನಿಮ್ಮ ಎಣ್ಣೆಯನ್ನು ಒಂದು ದಿನವೂ ಹಚ್ಚಿಲ್ಲ, ಇಷ್ಟು ಕೂದಲು ನನ್ನಮ್ಮನ ಕಡೆಯದು ಎಂದು ಹೇಳಿ ನಾನೇ ಫೋನ್ ಇಟ್ಟೆ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಿಟ್ಟಿಗೆ.

ಉಗುರಿನವಳು ಸಂಜೆ ಬಂದಿದ್ದಳು. ನನ್ನ ಕತ್ತರಿಗಳನ್ನು ಚೀಲದಲ್ಲಿ ಹಾಕಿ ತಂದಿದ್ದಳು, ಬಾಗಿಲಲ್ಲೇ ಕೊಟ್ಟಳು, ಒಳಗೆ ಬರಲಿಲ್ಲ. ಮನೆಯಲ್ಲೇ ಒಂದು ಕನ್ನಡಿ ಹಾಕಿಬಿಡು, ಗಿರಾಕಿಗಳನ್ನು ನಾನು ಕಳಿಸುತ್ತೇನೆ ಎಂದಳು. ಹೇನು ಹೋದ ಮೇಲೆ ಎಂದೂ ಸೇರಿಸಿದಳು.

ಸೆಪ್ಟೆಂಬರ್ ೧೫, ಭಾನುವಾರ

ಅಣ್ಣ ಹೋದ. ಈ ಸಲ ಚಪ್ಪಲಿ ಬಿಚ್ಚಿ, ಕೂತು, ಊಟ ಮಾಡಿ ಹೋದ. ಅಷ್ಟು ಬದಲಾವಣೆ.

ಬೆಳಿಗ್ಗೆ ಮಹಡಿಯ ಮೇಲೆ ಸ್ಟೂಲಿನಲ್ಲಿ ನಾನು ಕೂತೆ, ಎತ್ತರದ ಕುರ್ಚಿಯಲ್ಲಿ ಮೊಂಡಿ. ಎರಡು ಹಲ್ಲು ಮುರಿದ ಅದೇ ಬಾಚಣಿಗೆ. ನನ್ನ ಹೆಗಲ ಮೇಲೆ ಬಿಳಿಬಟ್ಟೆ. ಇವಳ ಕೈ ಭಾರ, ಕೂದಲು ಕಿತ್ತುಬರುವ ಹಾಗೆ ಎಳೆಯುತ್ತಾಳೆ. ಮೆಲ್ಲಗೆ ಎಳಿ, ಬುಡದಿಂದ ತುದಿಗೆ ಎಳಿ, ಅಡ್ಡಡ್ಡ ಎಳೀಬೇಡ ಎಂದು ಬೈಯುತ್ತಲೇ ಇದ್ದೆ. ನಾಲ್ಕು ದಿನ ಬೈದರೆ ಕಲಿಯುತ್ತಾಳೆ. ಕೈ ಕೆಟ್ಟದ್ದಲ್ಲ.

ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಒಂದೊಂದೇ ಬಟ್ಟೆಯ ಮೇಲೆ ಬಿದ್ದವು. ಇವಳೇ ಹೆಬ್ಬೆರಳ ಉಗುರಿನಲ್ಲಿ ಒತ್ತಿದಳು, ಚಟ್, ಚಟ್. ಎಲ್ಲಿ ಕಲಿತಳು ಎಂದು ಕೇಳಬೇಕಾಗಿರಲಿಲ್ಲ. ಹಾಗೇ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಆಗ ಕೈ ನಿಂತಿತು.

"ಅತ್ತೆ, ಇದೇ ಕೊನೇದು ಅನ್ಸತ್ತೆ." ನನ್ನ ಕಿವಿಯ ಹತ್ತಿರ ಬಗ್ಗಿ, "ನಿಂಗೆ ಬೇಜಾರಿಲ್ಲ ಅಂದ್ರೆ ಇದೊಂದು ಬಿಡ್ಲಾ?" ಎಂದಳು.

ಏನು ಹುಡುಗಿ. ಕುರ್ಚಿ ಹೋಯಿತು, ಕೆಲಸ ಹೋಯಿತು, ಊರಿಗೆಲ್ಲ ಸುದ್ದಿಯಾಯಿತು, ಗಿರಾಕಿಗಳು ಬರಬೇಕೆಂದರೆ ತಲೆ ಕನ್ನಡಿಯ ಹಾಗಿರಬೇಕು. ಇಷ್ಟೆಲ್ಲ ಆದ ಮೇಲೂ ಕೇಳುತ್ತಾಳೆ. ನನಗೆ ಕೆಟ್ಟ ಸಿಟ್ಟು ಬಂತು. ಕೊಲ್ಲು ಎಂದೆ, ಗಟ್ಟಿಯಾಗಿ.

ಚಟ್ ಎನ್ನಲಿಲ್ಲ. ಬಾಚಣಿಗೆ ಮತ್ತೆ ಮೆಲ್ಲಗೆ ಬುಡದಿಂದ ಇಳಿಯತೊಡಗಿತು. ನಾನು ತಿರುಗಿ ನೋಡಲಿಲ್ಲ.